ಬುದ್ಧಿಹಲ್ಲನ್ನು ಕಿತ್ತು ಎಸೆಯುವ ಮೊದಲು

ದವಡೆಯ ಮೊದಲ ದೊಡ್ಡ ಹಲ್ಲು ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ ಹುಟ್ಟುತ್ತದೆ. ಹಾಲುಹಲ್ಲು ಬಿದ್ದ ಜಾಗಕ್ಕೆ ಬರುವ ಹಲ್ಲಲ್ಲ ಅದು. ಹಾಲುಹಲ್ಲುಗಳ ಸಾಲಿನ ಹಿಂದೆ ಹೊಸದಾಗಿ ಏಳುತ್ತದೆ. ಹೀಗಾಗಿ ಮನೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಎಂಟೊಂಬತ್ತನೆಯ ವರ್ಷಕ್ಕೆ ಅದರಲ್ಲಿ ಕರಿ ತೂತು ಕಂಡರೂ ‘ಹಾಲುಹಲ್ಲು, ಬಿದ್ದು ಮತ್ತ ಬರ್ತೇತಿ ಬಿಡು’ ಎಂದು ಸುಮ್ಮನಾಗುತ್ತಾರೆ. ಅದು ಮತ್ತೆ ಬರುವುದಿಲ್ಲ. ಅಗಿಯುವ ಭಾರವನ್ನು ಹೆಚ್ಚಾಗಿ ಹೊರುವ ಹಲ್ಲೇ ಬಹಳ ಮಂದಿಯ ಬಾಯಲ್ಲಿ ಎಲ್ಲಕ್ಕಿಂತ ಮೊದಲು ಹಾಳಾಗುತ್ತದೆ.

ಜಮಖಂಡಿಯ ನನ್ನ ದವಾಖಾನೆಗೆ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು ಬರುವುದು ಆ ಹಲ್ಲಿನ ಮೇಲ್ಭಾಗವೆಲ್ಲ ಉದುರಿ ಬೇರಿನ ಮೋಟು ಮಾತ್ರ ಉಳಿದಾಗ. ರಬಕವಿ ಬನಹಟ್ಟಿಯ ನೇಕಾರರ ಮನೆಯವರು, ಮುಧೋಳ ಕಡೆಯ ಕಬ್ಬಿನ ಊರುಗಳವರು, ಅಥಣಿ ದಾರಿಯಲ್ಲಿ ಬಸ್ಸು ಹಿಡಿದು ಬಂದವರು. ಮಾತು ಒಂದೇ: ‘ರಾತ್ರಿ ನಿದ್ದಿ ಇಲ್ಲರಿ, ಕಿತ್ತ ಬಿಡ್ರಿ.’ ಕೀಳಿಸಿಕೊಂಡು ಹೋಗುತ್ತಾರೆ. ವರ್ಷದೊಳಗೆ ಅವರೇ ಮತ್ತೆ ಬರುತ್ತಾರೆ, ಈ ಸಲ ಬುದ್ಧಿಹಲ್ಲು ಸೊಟ್ಟ ಬಂದು ಒಸಡು ಬಾತಿದೆಯೆಂದು. ಅದನ್ನೂ ಕಿತ್ತು ಟ್ರೇಗೆ ಹಾಕಲಾಗುತ್ತದೆ. ಒಂದೇ ಬಾಯಲ್ಲಿ ಒಂದು ಕಡೆ ಖಾಲಿ ಜಾಗ, ಇನ್ನೊಂದು ಕಡೆ ಎಸೆಯಲು ಹೊರಟಿರುವ ಗಟ್ಟಿ ಹಲ್ಲು.

ಆ ಬುದ್ಧಿಹಲ್ಲನ್ನು ಕಿತ್ತು ಹಾಳಾದ ಹಲ್ಲಿನ ಜಾಗದಲ್ಲಿ ನೆಡಬಹುದು. ಮೂತ್ರಪಿಂಡದ ಕಸಿಯ ಹಾಗೆ ಇದೂ ಒಂದು ಕಸಿ. ಕೊಡುವವರೂ ಪಡೆಯುವವರೂ ಒಬ್ಬರೇ. ಹೊಸ ಪ್ರಯೋಗವೇನಲ್ಲ. ಬುದ್ಧಿಹಲ್ಲನ್ನು ಮೊದಲ ದವಡೆ ಹಲ್ಲಿನ ಜಾಗಕ್ಕೆ ತರುವ ಕ್ರಮ 1950ರ ದಶಕದಿಂದಲೇ ವೈದ್ಯಕೀಯ ಬರಹಗಳಲ್ಲಿ ದಾಖಲಾಗಿದೆ. ಎಲ್ಲರಿಗೂ ಆಗುವ ಚಿಕಿತ್ಸೆಯೂ ಅಲ್ಲ. ಆದರೆ ಆಗಬಹುದಾದವರಿಗೂ ಕೈತಪ್ಪುತ್ತಿದೆ. ಕಾರಣ, ಹಾಳಾದ ಹಲ್ಲನ್ನು ಒಂದು ದಿನ ಕೀಳುತ್ತೇವೆ, ಬುದ್ಧಿಹಲ್ಲನ್ನು ಇನ್ನೊಂದು ವರ್ಷ ಕೀಳುತ್ತೇವೆ. ಈ ಎರಡೂ ಒಂದೇ ದಿನ ಆಗುವುದು ಯಾಕೆ ಅಷ್ಟು ಮುಖ್ಯವೆಂಬುದು ತಿಳಿಯಬೇಕಾದರೆ ಬೇರಿನ ಮೈಮೇಲೆ ಏನಿದೆ ಎಂದು ನೋಡಬೇಕು.

ಬೇರಿನ ಮೇಲಿನ ಪೊರೆ

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ಪೊರೆಯೊಂದಿದೆ. ನಾವು ಅದನ್ನು ಪೆರಿಯೊಡಾಂಟಲ್ ಲಿಗಮೆಂಟ್, ಚಿಕ್ಕದಾಗಿ ಪಿಡಿಎಲ್ ಎನ್ನುತ್ತೇವೆ. ಅದರಲ್ಲಿ ಸಾವಿರಾರು ನಾರುಗಳು ಒಂದು ತುದಿಯಲ್ಲಿ ಬೇರನ್ನೂ ಇನ್ನೊಂದು ತುದಿಯಲ್ಲಿ ಮೂಳೆಯನ್ನೂ ಕಚ್ಚಿ ಹಿಡಿದಿವೆ. ನಡುವೆ ರಕ್ತನಾಳಗಳು, ನರಗಳು, ಹೊಸ ನಾರನ್ನೂ ಹೊಸ ಮೂಳೆಯನ್ನೂ ಕಟ್ಟಬಲ್ಲ ಜೀವಕೋಶಗಳು. ಖಡಕ್ ರೊಟ್ಟಿ ಅಗಿಯುವಾಗ ಸಾಸಿವೆಗಿಂತ ಸಣ್ಣ ಹರಳು ಸಿಕ್ಕಿದರೂ ದವಡೆ ತಟ್ಟನೆ ನಿಲ್ಲುತ್ತದಲ್ಲ, ಆ ಸುದ್ದಿ ಮೆದುಳಿಗೆ ಹೋಗುವುದು ಈ ಪೊರೆಯ ನರಗಳಿಂದ. ಹೋದ ಹಲ್ಲಿನ ಬೇರಿಗೆ ಬದಲಾಗಿ ಮೂಳೆಯಲ್ಲಿ ಕೂರಿಸುವ ಟೈಟಾನಿಯಂ ಇಂಪ್ಲಾಂಟ್ ಎಷ್ಟೇ ಒಳ್ಳೆಯದಿದ್ದರೂ ಮೂಳೆಗೆ ನೇರವಾಗಿ ಕೂಡಿಕೊಂಡಿರುತ್ತದೆ. ಅದಕ್ಕೆ ಈ ಪೊರೆ ಇಲ್ಲ.

ಹಲ್ಲು ಕಿತ್ತಾಗ ಪೊರೆ ನಡುವೆ ಹರಿಯುತ್ತದೆ. ಅರ್ಧ ಬೇರಿನ ಮೇಲೆ ಉಳಿಯುತ್ತದೆ, ಅರ್ಧ ಕುಳಿಯ ಗೋಡೆಗೆ. ಬೇರಿನ ಮೇಲುಳಿದ ಅರ್ಧ ಬದುಕಿರುವ ತನಕವೇ ಕಸಿಗೆ ಅರ್ಥ. ಮೆಣಸಿನ ಅಗಿ ಕಿತ್ತು ಹಚ್ಚುವಾಗ ಬೇರಿನ ಹಸಿ ಮಣ್ಣು ಉದುರದಂತೆ, ಬಿಸಿಲು ತಾಗದಂತೆ ಒಯ್ಯುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಗಾಳಿಗೆ ಒಣಗಿದರೆ, ಇಕ್ಕಳದ ಹಲ್ಲಿಗೆ ಸಿಕ್ಕು ಕೆರೆದುಹೋದರೆ, ಬಿಗಿಯಾದ ಕುಳಿಗೆ ಒತ್ತಿ ತುರುಕಿದರೆ ಪೊರೆ ಸಾಯುತ್ತದೆ.

ಪೊರೆ ಸತ್ತ ಹಲ್ಲು ಕೂಡಲೇ ಬೀಳುವುದಿಲ್ಲ. ಮೊದಮೊದಲು ಕಲ್ಲಿನಂತೆ ಗಟ್ಟಿಯಾಗಿಯೇ ನಿಲ್ಲುತ್ತದೆ. ರೋಗಿಗೆ ಖುಷಿ, ನಮಗೆ ಆತಂಕ. ಮೂಳೆ ಬಂದು ಬೇರಿಗೆ ನೇರವಾಗಿ ಬೆಸೆದುಕೊಂಡಿರುತ್ತದೆ. ಇದಕ್ಕೆ ಆಂಕೈಲೋಸಿಸ್ ಎನ್ನುತ್ತಾರೆ. ನಮ್ಮ ಮೂಳೆ ಜೀವನಪೂರ್ತಿ ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುತ್ತಲೇ ಇರುತ್ತದೆ. ಬೆಸೆದ ಬೇರನ್ನೂ ತನ್ನದೇ ಭಾಗವೆಂದು ತಿಳಿದು ವರ್ಷಗಟ್ಟಲೆ ನಿಧಾನವಾಗಿ ಕರಗಿಸಿ ಆ ಜಾಗದಲ್ಲಿ ಮೂಳೆ ತುಂಬುತ್ತದೆ. ಬಾಯಿ ನೋಡುವ ಪುಟ್ಟ ಕನ್ನಡಿಯ ಹಿಡಿಕೆಯಿಂದ ಹಲ್ಲಿನ ಮೇಲೆ ತಟ್ಟಿದರೆ ಇದು ಕಿವಿಗೇ ಗೊತ್ತಾಗುತ್ತದೆ: ಪೊರೆ ಇರುವ ಹಲ್ಲು ಮಂದವಾಗಿ ದಪ್ ಅನ್ನುತ್ತದೆ, ಬೆಸೆದ ಹಲ್ಲು ಲೋಹದಂತೆ ಠಣ್ ಅನ್ನುತ್ತದೆ.

ಇನ್ನು ಹಲ್ಲಿನ ಒಳಗಿನ ತಿರುಳಿನ ಕಥೆ. ತಿರುಳಿಗೆ ರಕ್ತ ಬರುವುದು ಬೇರಿನ ತುದಿಯ ರಂಧ್ರದಿಂದ. ಕಿತ್ತ ಕ್ಷಣಕ್ಕೆ ಆ ನಾಳ ಕಡಿಯುತ್ತದೆ. ಬೇರು ಇನ್ನೂ ಬೆಳೆಯುತ್ತಿದ್ದು ತುದಿ ಒಂದು ಮಿಲಿಮೀಟರಿಗಿಂತ ಅಗಲವಾಗಿ ತೆರೆದಿದ್ದರೆ ಹೊಸ ಜಾಗದ ರಕ್ತನಾಳಗಳು ಒಳಗೆ ನುಗ್ಗಿ ದಿನಕ್ಕೆ ಸುಮಾರು ಅರ್ಧ ಮಿಲಿಮೀಟರಿನಂತೆ ಮೇಲೇರುತ್ತವೆ, ತಿರುಳು ಮತ್ತೆ ಬದುಕುತ್ತದೆ. ತುದಿ ಮುಚ್ಚಿಹೋಗಿದ್ದರೆ ಆ ದಾರಿ ಇಲ್ಲ. ಸತ್ತ ತಿರುಳಿನಲ್ಲಿ ಸೋಂಕು ಕೂತು ಬೇರನ್ನು ತಿನ್ನುವ ಮೊದಲೇ, ಅಂದರೆ ಕಸಿಯಾದ ಎರಡು ವಾರದ ಆಜುಬಾಜಿನಲ್ಲಿ, ಆ ತಿರುಳನ್ನು ತೆಗೆದು ಒಳಗನ್ನು ತುಂಬಿ ಮುಚ್ಚುವ ರೂಟ್ ಕೆನಾಲ್ ಮಾಡಲೇಬೇಕು. ಡೆನ್ಮಾರ್ಕಿನ ಆಂಡ್ರಿಯಾಸನ್ ಮತ್ತು ಸಂಗಡಿಗರು ಕಸಿ ಮಾಡಿದ 370 ಹಲ್ಲುಗಳನ್ನು ಹದಿಮೂರು ವರ್ಷಗಳವರೆಗೆ ಹಿಂಬಾಲಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬೇರು ಪೂರ್ತಿಯಾಗದ ಹಲ್ಲುಗಳಲ್ಲಿ ನೂರಕ್ಕೆ 96ರಲ್ಲಿ ತಿರುಳು ಚೇತರಿಸಿಕೊಂಡಿತು. ಬೇರು ಪೂರ್ತಿಯಾದವುಗಳಲ್ಲಿ ನೂರಕ್ಕೆ 15ರಲ್ಲಿ ಮಾತ್ರ. ಹಾಗೆಂದು ಎರಡನೆಯ ಗುಂಪಿನ ಹಲ್ಲುಗಳು ಉದುರಿಹೋಗಲಿಲ್ಲ. ಉಳಿವಿನ ಪ್ರಮಾಣ ಎರಡರಲ್ಲೂ 95ಕ್ಕೆ ಕಡಿಮೆ ಇರಲಿಲ್ಲ. ತಿರುಳು ಸತ್ತರೆ ರೂಟ್ ಕೆನಾಲ್ ಇದೆ, ಪೊರೆ ಸತ್ತರೆ ಮದ್ದಿಲ್ಲ.

ಬೇರು ಮುಕ್ಕಾಲು ಬೆಳೆದ ಹೊತ್ತೇ ಕಸಿಗೆ ಎಲ್ಲಕ್ಕಿಂತ ಒಳ್ಳೆಯದು. ಹಿಡಿಯಲು ಬೇರು ಸಾಕಷ್ಟು ಉದ್ದ, ತುದಿ ಇನ್ನೂ ತೆರೆದಿದೆ. ಬುದ್ಧಿಹಲ್ಲಿಗೆ ಈ ಹದ ಸಾಮಾನ್ಯವಾಗಿ ಹದಿನೇಳರಿಂದ ಇಪ್ಪತ್ತರ ನಡುವೆ ಬರುತ್ತದೆ. ನಮ್ಮ ಮಕ್ಕಳ ಮೊದಲ ದವಡೆ ಹಲ್ಲು ಕೈಕೊಡುವುದೂ ಬಹುಪಾಲು ಅದೇ ವಯಸ್ಸಿಗೆ.

ಒಂದೇ ದಿನ ಯಾಕೆ

ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಸುಮ್ಮನಿರುವುದಿಲ್ಲ, ಕುಗ್ಗುತ್ತದೆ. ದವಡೆ ಹಲ್ಲಿನ ಜಾಗದಲ್ಲಿ ಒಂದು ವರ್ಷದಲ್ಲಿ ಮೂಳೆಯ ಅಗಲ ಸುಮಾರು ಅರ್ಧದಷ್ಟು ಇಳಿಯುತ್ತದೆ, ಅದರಲ್ಲೂ ಮೂರನೇ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ. ಅತ್ತ ಕಡೆ ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲುತ್ತವೆ, ಎದುರಿನ ಹಲ್ಲು ಇಳಿದು ಬರುತ್ತದೆ. ಎರಡು ವರ್ಷ ಬಿಟ್ಟು ಬಂದವರಿಗೆ ಬುದ್ಧಿಹಲ್ಲು ಇದ್ದರೂ ಅದನ್ನು ಕೂರಿಸುವ ಅಗಲ ಉಳಿದಿರುವುದಿಲ್ಲ. ಉಳಿದಿದ್ದರೂ ಗಟ್ಟಿಯಾದ ಮೂಳೆಯನ್ನು ಕೊರೆದು ಹೊಸ ಕುಳಿ ಮಾಡಬೇಕು. ಆಗಷ್ಟೇ ಕಿತ್ತ ಕುಳಿಯಲ್ಲಾದರೆ ಮೂಳೆಯೂ ಇದೆ, ಗೋಡೆಗೆ ಅಂಟಿದ ಅರ್ಧ ಪೊರೆಯೂ ಇದೆ. ಬೇರಿನ ಮೇಲಿನ ಅರ್ಧಕ್ಕೆ ಅದು ಆಸರೆಯಾಗುತ್ತದೆ. ಜಪಾನಿನ ಸರ್ಕಾರಿ ಆರೋಗ್ಯ ವಿಮೆ ಈ ಚಿಕಿತ್ಸೆಗೆ ಹಣ ಕೊಡುವುದು, ಹಾಳಾದ ಹಲ್ಲನ್ನು ಕಿತ್ತ ಹೊತ್ತಿಗೇ ಬುದ್ಧಿಹಲ್ಲನ್ನೋ ಹೂತುಕೊಂಡ ಹಲ್ಲನ್ನೋ ಅಲ್ಲಿಗೆ ತಂದರೆ ಮಾತ್ರ. ಆ ನಿಯಮದಲ್ಲಿ ಒಳ್ಳೆಯ ವಿವೇಕವಿದೆ.

ನಮ್ಮಲ್ಲಿಗೆ ಬಂದ ಹುಡುಗಿಯೊಬ್ಬಳ ಉದಾಹರಣೆ ಹೇಳುತ್ತೇನೆ. ವಯಸ್ಸು ಹತ್ತೊಂಬತ್ತು, ರಬಕವಿ ಕಡೆಯವಳು. ಕೆಳದವಡೆಯ ಬಲಗಡೆ ಮೊದಲ ದೊಡ್ಡ ಹಲ್ಲು ಉಳಿಸುವ ಸ್ಥಿತಿಯಲ್ಲಿರಲಿಲ್ಲ. ಎಕ್ಸರೇಯಲ್ಲಿ ಮೇಲ್ದವಡೆಯ ಬುದ್ಧಿಹಲ್ಲು ಚೆಂದ ಕಂಡಿತು: ಬೇರುಗಳು ಒಂದಕ್ಕೊಂದು ಕೂಡಿಕೊಂಡು ಮೊನಚಾಗಿದ್ದವು, ತುದಿ ಇನ್ನೂ ತೆರೆದಿತ್ತು. ಅಪ್ಪನಿಗೆ ಮೊದಲು ಗಾಬರಿ.

‘ಬ್ಯಾರೆದವ್ರ ಹಲ್ಲು ಹಚ್ಚತೀರೇನ್ರಿ ಡಾಕ್ಟ್ರೇ?’

‘ಅಲ್ರಿ ಕಾಕಾ. ಆಕೀದ ಹಲ್ಲು ಆಕೀಗೇ. ಹಿಂದಿಂದು ತಗದು ಮುಂದ ಕುಂದ್ರಸೂದು.’

‘ಹತ್ತಲಿಲ್ಲಂದ್ರ?’

‘ಹತ್ತಲಿಲ್ಲಂದ್ರ ತಗದ್ರಾತರಿ. ಹೆಂಗೂ ಆ ಬುದ್ಧಿಹಲ್ಲಿಗೆ ಅಲ್ಲೆ ಕೆಲಸ ಇಲ್ಲ.’

ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬಡವರ ಹಲ್ಲು ಕಿತ್ತು ಸಿರಿವಂತರ ಬಾಯಿಗೆ ನೆಡುತ್ತಿದ್ದರು. ಶಸ್ತ್ರವೈದ್ಯ ಜಾನ್ ಹಂಟರ್ ಅದಕ್ಕೆ ಹೆಸರು ತಂದುಕೊಟ್ಟವರು. ಇನ್ನೊಬ್ಬರ ಪೊರೆಯನ್ನು ದೇಹ ಒಪ್ಪದೆ ಬೇರು ಕರಗುತ್ತಿತ್ತು. ಹಲ್ಲಿನ ಜೊತೆ ರೋಗ ಅಂಟಿದ ವರದಿಗಳೂ ಬಂದು ಆ ಪದ್ಧತಿ ನಿಂತಿತು.

ಹುಡುಗಿಗೆ ಸಿಬಿಸಿಟಿ, ಅಂದರೆ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸರೇ ಸ್ಕ್ಯಾನ್ ಮಾಡಿಸಿ ಬುದ್ಧಿಹಲ್ಲಿನ ಅಳತೆಯನ್ನೂ ಕುಳಿಯ ಅಳತೆಯನ್ನೂ ತಾಳೆ ನೋಡಿದೆವು. ಈಗ ಆ ಸ್ಕ್ಯಾನಿನಿಂದಲೇ ಹಲ್ಲಿನ ಪಡಿಯಚ್ಚನ್ನು ಥ್ರೀಡಿ ಪ್ರಿಂಟ್ ಮಾಡಿಸಿಕೊಳ್ಳಬಹುದು. ಇದು ಬಹಳ ದೊಡ್ಡ ಅನುಕೂಲ. ಕುಳಿಯನ್ನು ಹಿಗ್ಗಿಸುವಾಗ ಅಚ್ಚನ್ನೇ ಇಟ್ಟು ತೆಗೆದು ಅಳತೆ ನೋಡುತ್ತೇವೆ, ನಿಜವಾದ ಹಲ್ಲು ಅಲ್ಲಿಯ ತನಕ ತನ್ನ ಜಾಗದಲ್ಲೇ ಬೆಚ್ಚಗಿರುತ್ತದೆ.

ಸ್ಥಳೀಯ ಅರಿವಳಿಕೆ ಸಾಕು. ಹಾಳಾದ ಹಲ್ಲನ್ನು ತೆಗೆದು, ಬೇರುಗಳ ನಡುವಿನ ಮೂಳೆಯ ಗೋಡೆಯನ್ನು ಸವೆಸಿ ಕುಳಿ ಹದ ಮಾಡಲಾಯಿತು. ಮೂಳೆ ಸವೆಸುವ ಬರ್ ನಿಧಾನವಾಗಿ ತಿರುಗಬೇಕು, ಸಲೈನ್ ಸುರಿಯುತ್ತಲೇ ಇರಬೇಕು. ಮೂಳೆ 47 ಡಿಗ್ರಿ ಸೆಲ್ಸಿಯಸ್‌ಗೆ ಒಂದು ನಿಮಿಷ ಕಾದರೂ ಅದಕ್ಕೆ ಪೆಟ್ಟಾಗುತ್ತದೆ. ಆಮೇಲೆ ನಮ್ಮ ಓರಲ್ ಸರ್ಜನ್ ಬುದ್ಧಿಹಲ್ಲಿನ ಸುತ್ತ ಒಸಡಿನ ಅಂಚಿಗೆ ಬ್ಲೇಡ್ ಆಡಿಸಿ ಮೇಲಿನ ನಾರುಗಳನ್ನು ಕತ್ತರಿಸಿದರು. ಇಕ್ಕಳ ಹಿಡಿದದ್ದು ಹಲ್ಲಿನ ಬಿಳಿ ಭಾಗವನ್ನಷ್ಟೇ, ಬೇರಿಗೆ ಲೋಹ ತಾಗಲಿಲ್ಲ. ಜಗ್ಗುವ ಮಾತಿಲ್ಲ, ಆಚೆ ಈಚೆ ಬಲು ಮೆಲ್ಲಗೆ ಅಲುಗಿಸುತ್ತ ಕೂರುವುದು. ಹಲ್ಲು ಹೊರಬಂದಾಗ ಬೇರಿನ ಮೈ ಒದ್ದೆಯಾಗಿ ನಸುಗೆಂಪಾಗಿ ಹೊಳೆಯುತ್ತಿತ್ತು, ಅಲ್ಲಲ್ಲಿ ಪೊರೆಯ ಎಳೆಗಳು. ಸಿಸ್ಟರ್ ಗಡಿಯಾರ ನೋಡುತ್ತ ನಿಮಿಷ ಎಣಿಸುತ್ತಿದ್ದರು. ಹದಿನೈದು ನಿಮಿಷ ದಾಟಬಾರದೆಂಬುದು ನಾವು ಹಾಕಿಕೊಂಡ ಗಡಿ. ಅಚ್ಚು ಇದ್ದುದರಿಂದ ಅದಕ್ಕಿಂತ ಬಹಳ ಮುಂಚೆಯೇ ಬೆರಳಿನ ಹಗುರ ಒತ್ತಿಗೆ ಹಲ್ಲು ಹೊಸ ಕುಳಿಯಲ್ಲಿ ಕೂತಿತು. ಒಸಡನ್ನು ಬಿಗಿಯಾಗಿ ಸುತ್ತುವರಿಸಿ ಹೊಲಿದು, ಹಲ್ಲಿನ ತಲೆಯ ಮೇಲೆ ಅಡ್ಡಡ್ಡ ದಾರ ಹಾಯಿಸಿ ಕಟ್ಟಿದರು. ಕಚ್ಚಿದಾಗ ಎದುರಿನ ಹಲ್ಲು ತಾಗದಂತೆ ತುಸು ತಗ್ಗಿಸಿಯೇ ಕೂರಿಸುವುದು ಕ್ರಮ.

ಆ ಕಟ್ಟಿನ ಬಗ್ಗೆ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಮುರಿದ ಕೈಗೆ ಪಟ್ಟಿ ಕಟ್ಟುವ ಹಾಗೆ ಬಿಗಿದು ತಿಂಗಳುಗಟ್ಟಲೆ ಬಿಡಬೇಕೆಂದುಕೊಳ್ಳುತ್ತಾರೆ. ಹಲ್ಲು ಕೊಂಚ ಅಲುಗಾಡಬೇಕು. ಆ ಸಣ್ಣ ಅಲುಗಾಟವೇ ಪೊರೆಯನ್ನು ಎಚ್ಚರವಾಗಿಡುತ್ತದೆ, ಬಿಗಿದರೆ ಮೂಳೆ ಬೆಸೆದುಕೊಳ್ಳುತ್ತದೆ. ಹೆಚ್ಚೆಂದರೆ ಎರಡು ವಾರಕ್ಕೆ ಕಟ್ಟು ಬಿಚ್ಚುತ್ತೇವೆ. ಅಲ್ಲಿಯ ತನಕ ನುಚ್ಚು, ಅನ್ನ, ಹಾಲು, ಮೆತ್ತನೆಯ ಪಲ್ಲೆ. ಖಡಕ್ ರೊಟ್ಟಿ, ಕಬ್ಬು, ಗೋಕಾಕಿನದಿರಲಿ ಅಮೀನಗಡದ್ದಿರಲಿ ಕರದಂಟು, ಯಾವುದೂ ಆ ಕಡೆಗೆ ಬೇಡ. ಬಾಯಿ ಮುಕ್ಕಳಿಸುವ ಔಷಧಿ, ಮೆತ್ತನೆಯ ಬ್ರಶ್, ಹೇಳಿದಷ್ಟು ದಿನ ಮಾತ್ರೆ.

ಆ ಹುಡುಗಿಗೆ ತುದಿ ತೆರೆದಿತ್ತಾದ್ದರಿಂದ ರೂಟ್ ಕೆನಾಲ್ ಬೇಕಾಗಲಿಲ್ಲ. ಮುಂದಿನ ಎಕ್ಸರೇಗಳಲ್ಲಿ ಬೇರಿನ ಸುತ್ತ ಕಪ್ಪು ಗೆರೆ ಮರಳಿ ಕಂಡಿತು. ಪೊರೆ ಇರುವ ಗುರುತು ಅದು. ಬುದ್ಧಿಹಲ್ಲಿನ ತಲೆ ದವಡೆ ಹಲ್ಲಿಗಿಂತ ಸಣ್ಣದಿದ್ದ ಕಾರಣ ಫಿಲ್ಲಿಂಗ್ ಕೊಟ್ಟು ಆಕಾರ ಸರಿಮಾಡಿದೆವು.

ಯಾರಿಗೆ ಬೇಡ

ಬುದ್ಧಿಹಲ್ಲು ಮೂಳೆಯಲ್ಲಿ ಆಳಕ್ಕೆ ಅಡ್ಡ ಮಲಗಿದ್ದರೆ, ಬೇರುಗಳು ಕೊಕ್ಕೆಯಂತೆ ಬಾಗಿದ್ದರೆ ಅದನ್ನು ತುಂಡು ಮಾಡದೆ ತೆಗೆಯಲು ಆಗುವುದಿಲ್ಲ. ತುಂಡಾದ ಹಲ್ಲು ಕಸಿಗೆ ಬಾರದು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಒಸಡಿನ ಹಳೆಯ ರೋಗ, ನಿತ್ಯ ಹಲ್ಲುಜ್ಜುವ ರೂಢಿ ಇಲ್ಲದಿರುವುದು, ಇವೆಲ್ಲ ಅಡ್ಡಿಗಳೇ.

ನಮ್ಮ ಕಡೆ ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ತಂಬಾಕು ಮತ್ತು ಅಡಿಕೆ. ನಿಪ್ಪಾಣಿಯ ತಂಬಾಕಿನ ಸೀಮೆ ಇದು. ಬೀಡಿಯಿಂದ ಹಿಡಿದು ಪೊಟ್ಟಣದ ತನಕ ಎಲ್ಲ ಕೈಗೆಟಕುವ ದೂರದಲ್ಲಿದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಮಾರಾಟ ನಡೆದೇ ಇದೆ. ಹೊಗೆಯೂ ತಂಬಾಕೂ ಒಸಡಿನ ರಕ್ತಸಂಚಾರವನ್ನು ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತವೆ. ಅಡಿಕೆಯ ಕೆಡುಕು ಬೇರೆ: ಕೆನ್ನೆಯ ಒಳಪದರ ಬಿರುಸಾಗಿ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಇಪ್ಪತ್ತೆರಡರ ಹುಡುಗರು ಬಂದು ಎರಡು ಬೆರಳು ತೂರುವಷ್ಟು ಮಾತ್ರ ಬಾಯಿ ತೆರೆದು ಕೂರುವುದನ್ನು ನೋಡಿದರೆ ಸಂಕಟವಾಗುತ್ತದೆ. ಅಂಥ ಬಾಯಲ್ಲಿ ಹಿಂದಿನ ಬುದ್ಧಿಹಲ್ಲನ್ನು ಜೋಪಾನವಾಗಿ ತೆಗೆಯುವುದಂತೂ ದೂರ, ನೋಡುವುದೇ ಕಷ್ಟ. ಅವರಿಗೆ ಮೊದಲು ಬೇಕಾದ್ದು ಆ ಕಾಯಿಲೆಯ ಚಿಕಿತ್ಸೆ. ಅದು ಕ್ಯಾನ್ಸರಿಗೂ ತಿರುಗಬಲ್ಲದು.

ಇನ್ನೊಂದು ಅಡ್ಡಿ ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಗೋವೆಗೋ ಮಹಾರಾಷ್ಟ್ರಕ್ಕೋ ದುಡಿಯಲು ಗುಳೆ ಹೋಗುತ್ತವೆ. ಮುಂದಿನ ವಾರ ಹೊರಡುವವರಿಗೆ ನಾನು ಈ ಚಿಕಿತ್ಸೆ ಹೇಳುವುದೇ ಇಲ್ಲ. ಎರಡನೆಯ ವಾರ ಕಟ್ಟು ಬಿಚ್ಚಲು, ಬೇರು ಪೂರ್ತಿಯಾಗಿದ್ದರೆ ರೂಟ್ ಕೆನಾಲಿಗೆ, ಆಮೇಲೆ ಒಂದು, ಮೂರು, ಆರು ತಿಂಗಳಿಗೆ, ಮುಂದೆ ವರ್ಷಕ್ಕೊಮ್ಮೆ ಎಕ್ಸರೇಗೆ ಬರಲೇಬೇಕು. ತಪ್ಪಿದರೆ ಬೇರು ಒಳಗೊಳಗೇ ಕರಗುತ್ತಿರುವುದು ನೋವಿಲ್ಲದೆಯೇ ನಡೆದುಹೋಗುತ್ತದೆ. ಅಂಥವರಿಗೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಬ್ರಿಜ್ಜೋ ತೆಗೆದು ಹಾಕುವ ಹಲ್ಲೋ ಹೆಚ್ಚು ಪ್ರಾಮಾಣಿಕ ಸಲಹೆ.

ಮಕ್ಕಳಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ

ಹತ್ತು ಹನ್ನೆರಡರ ಮಗು ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಕಳೆದುಕೊಂಡರೆ ಇಂಪ್ಲಾಂಟ್ ಹಾಕುವಂತಿಲ್ಲ. ದವಡೆ ಬೆಳೆಯುತ್ತದೆ, ಪಕ್ಕದ ಹಲ್ಲುಗಳು ಅದರ ಜೊತೆ ಕೆಳಗಿಳಿದು ಬರುತ್ತವೆ, ಇಂಪ್ಲಾಂಟ್ ಮಾತ್ರ ಇದ್ದಲ್ಲೇ ಉಳಿದು ಹೂತುಹೋದಂತಾಗುತ್ತದೆ. ಬೆಳವಣಿಗೆ ಮುಗಿಯುವ ತನಕ ಕಾಯಬೇಕು. ಅಷ್ಟು ವರ್ಷ ಮಗು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತದೆ. ಆ ವಯಸ್ಸಿನಲ್ಲಿ ಕೋರೆಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲಿನ ಬೇರು ಇನ್ನೂ ಬೆಳೆಯುತ್ತಿರುತ್ತದೆ. ಹಲ್ಲುಗಳು ಇಕ್ಕಟ್ಟಾಗಿದ್ದು ತಂತಿ ಹಾಕಿಸಲು ಹೇಗೂ ಆ ಹಲ್ಲನ್ನು ತೆಗೆಸಬೇಕಾದವರಲ್ಲಿ ಅದನ್ನೇ ಮುಂದಕ್ಕೆ ನೆಟ್ಟು, ಮುಂಬಲ್ಲಿನ ಬಣ್ಣ ಆಕಾರ ಕೊಡಬಹುದು. ನಾರ್ವೆಯ ಓಸ್ಲೋದಲ್ಲಿ ಇದನ್ನು ಕ್ರಮಬದ್ಧವಾಗಿ ಬೆಳೆಸಿದರು. ಅಲ್ಲಿ ಬಾಲ್ಯದಲ್ಲಿ ಕಸಿಯಾದ 33 ಹಲ್ಲುಗಳನ್ನು 17ರಿಂದ 41 ವರ್ಷಗಳ ನಂತರ ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು: ನೂರಕ್ಕೆ 90 ಉಳಿದಿದ್ದವು. ಹಲ್ಲು ಮಗುವಿನ ಜೊತೆ ಬೆಳೆಯುತ್ತದೆ, ತನ್ನ ಸುತ್ತ ಮೂಳೆಯನ್ನೂ ಕಟ್ಟಿಕೊಳ್ಳುತ್ತದೆ, ಬೇಕಾದರೆ ತಂತಿ ಹಾಕಿ ಸರಿಸಲೂ ಬರುತ್ತದೆ.

ಬಿದ್ದ ಹಲ್ಲೇ ಕೈಗೆ ಸಿಕ್ಕಿದ್ದರೆ ಅದಕ್ಕಿಂತ ಒಳ್ಳೆಯ ಕಸಿ ಇಲ್ಲ. ಪೊರೆಯ ಲೆಕ್ಕ ಅಲ್ಲಿಯೂ ಅದೇ. ಬೇರನ್ನು ಮುಟ್ಟದೆ ಬಿಳಿ ಭಾಗದಲ್ಲಿ ಹಿಡಿದು, ಮಣ್ಣಾಗಿದ್ದರೆ ತಣ್ಣೀರಿನಲ್ಲಿ ಕ್ಷಣಹೊತ್ತು ತೊಳೆದು, ಉಜ್ಜದೆ, ಸಾಧ್ಯವಾದರೆ ಅಲ್ಲೇ ಕುಳಿಗೆ ಮರಳಿ ಕೂರಿಸಿ ಕರವಸ್ತ್ರ ಕಚ್ಚಿಸಿ. ಆಗದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಓಡಿ. ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟು ತಂದರೆ ಪೊರೆ ದಾರಿಯಲ್ಲೇ ಒಣಗಿಹೋಗಿರುತ್ತದೆ. ಬಿದ್ದದ್ದು ಹಾಲುಹಲ್ಲಾದರೆ ಮಾತ್ರ ಮರಳಿ ಕೂರಿಸಬಾರದು. ಒಳಗಿನ ಶಾಶ್ವತ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ.

ಎಲ್ಲಿ ಕೇಳಬೇಕು? ಮೂರೂ ಜಿಲ್ಲೆಗಳಲ್ಲಿ ದಂತ ಕಾಲೇಜುಗಳಿವೆ: ಬೆಳಗಾವಿಯಲ್ಲಿ ಕೆಎಲ್‌ಇ ವಿಶ್ವನಾಥ ಕತ್ತಿ ದಂತ ವಿಜ್ಞಾನ ಸಂಸ್ಥೆ, ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು, ವಿಜಯಪುರದಲ್ಲಿ ಅಲ್-ಅಮೀನ್ ದಂತ ಕಾಲೇಜು. ಬಾಯಿ ಶಸ್ತ್ರಚಿಕಿತ್ಸೆಯವರು, ರೂಟ್ ಕೆನಾಲಿನವರು, ತಂತಿ ಹಾಕುವವರು ಮೂವರೂ ಒಂದೇ ಸೂರಿನಡಿ ಸಿಗುವುದು ಇಂಥ ಕಡೆ. ಈ ಚಿಕಿತ್ಸೆಗೆ ಆ ಮೂವರ ಮಾತುಕತೆ ಬೇಕು. ಇಂಪ್ಲಾಂಟಿಗೆ ಹತ್ತಾರು ಸಾವಿರ ರೂಪಾಯಿ ಹೊಂದಿಸಬೇಕಾದ ಮನೆಗೆ ಇದು ಹಗುರ. ಸ್ಕ್ಯಾನು, ಶಸ್ತ್ರಚಿಕಿತ್ಸೆ, ಬೇಕಾದರೆ ರೂಟ್ ಕೆನಾಲು, ಇವುಗಳ ಖರ್ಚು ಇದ್ದೇ ಇದೆ, ಹಲ್ಲಿಗೆ ಮಾತ್ರ ದುಡ್ಡು ಕೊಡಬೇಕಿಲ್ಲ. ‘ಈ ಹಲ್ಲು ಕೀಳಬೇಕು’ ಎಂದು ವೈದ್ಯರು ಹೇಳಿದ ದಿನವೇ ‘ನನ್ನ ಬುದ್ಧಿಹಲ್ಲು ಇಲ್ಲಿಗೆ ಹೊಂದತೈತೇನ್ರಿ? ಅದರ ಬೇರು ಎಷ್ಟು ಬೆಳದೈತಿ?’ ಎಂದು ಕೇಳಿ. ಎಕ್ಸರೇ ಅವರ ಕೈಯಲ್ಲೇ ಇರುತ್ತದೆ. ನೋವು ತಡೆಯಲಾಗದಿದ್ದರೆ ಔಷಧಿಯಿಂದಲೋ ತಾತ್ಕಾಲಿಕ ಚಿಕಿತ್ಸೆಯಿಂದಲೋ ಅದನ್ನು ತಗ್ಗಿಸಿಕೊಂಡು ನಾಲ್ಕು ದಿನ ಕಾಯುವುದು ಬಹಳ ಸಲ ಸಾಧ್ಯ. ಸೋಂಕು ಜೋರಾಗಿ ಮುಖ ಬಾತಿದ್ದರೆ ಮಾತ್ರ ಕಾಯಬಾರದು.

ಕಸಿ ಸೋತರೂ ಇಂಪ್ಲಾಂಟಿನ ದಾರಿ ಮುಚ್ಚುವುದಿಲ್ಲ. ಮೂಳೆಗೆ ಬೆಸೆದುಕೊಂಡ ಹಲ್ಲು ಕೂಡ ಎಷ್ಟೋ ವರ್ಷ ನಿಂತು, ಆ ಜಾಗದ ಮೂಳೆ ಕುಗ್ಗದಂತೆ ಕಾಯುತ್ತದೆ. ಹದಿನೆಂಟರಲ್ಲಿ ನೆಟ್ಟ ಹಲ್ಲು ಮೂವತ್ತಕ್ಕೆ ಹೋದರೆ, ಆಗ ಇಂಪ್ಲಾಂಟ್ ಹಾಕಲು ಕೆಳಗೆ ಮೂಳೆ ಇರುತ್ತದೆ.